ಕ್ಯಾಪ್ಟನ್ನನ ಮಫ್ಲರ್

ಹಡಗಿನ ಕ್ಯಾಪ್ಟನ್ ಬಾಗಿಲು ತೆರೆದು ಒಳಗೆ ಬರಬೇಕು, ಅಷ್ಟರಲ್ಲಿ ಮತ್ತೆ ಸೋಪಿನ ಜಾಹೀರಾತು ಬಂತು. ತ್ಸೋಂಕಾ ರಿಮೋಟನ್ನು ತೊಡೆಗೆ ಬಡಿದಳು.

"ಅತ್ತಿಗೆ, ಇವತ್ತು ಅಣ್ಣ ತೀರಿಹೋದ ನಲವತ್ತನೇ ದಿನ. ಚರ್ಚಿಂದ ಬಂದೋರೇ ಟೀವಿ ಮುಂದೆ ಕೂತ್ಬಿಟ್ರಲ್ಲ!" ಅಡುಗೆಮನೆಯಿಂದ ನಾದಿನಿ ಗಿನಾ ಕೂಗಿದಳು. ಬಂದವರಿಗೆ ಹಂಚಲು ಅವಳು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸುತ್ತಿದ್ದಳು.

"ನೀನು ಸುಮ್ನಿರೇ. ಜಗಳ ಇನ್ನೂ ಮುಗಿದಿಲ್ಲ."

ಜಗಳ ಎಪ್ಪತ್ತರ ದಶಕದ್ದು. ಈ ಧಾರಾವಾಹಿ ತೆಗೆದದ್ದು ಬಣ್ಣದಲ್ಲೇ ಆದರೂ ಆಗ ಅವರ ಮನೆಯ ಟೀವಿ ಕಪ್ಪುಬಿಳುಪಿನದು. ಕ್ಯಾಪ್ಟನ್ನನ ಮಫ್ಲರ್ ಕೆಂಪು ಎಂದು ಗಂಡ ವೆಲಿಚ್ಕೊ, ಹಸಿರು ಎಂದು ತ್ಸೋಂಕಾ. ಧಾರಾವಾಹಿ ಮತ್ತೆ ಬರಲೇ ಇಲ್ಲ. ಜಗಳ ಮಾತ್ರ ಪ್ರತಿ ಹಬ್ಬದ ಊಟದಲ್ಲೂ ಬಂತು. ಅವನು ಮಣ್ಣು ಸೇರಿದ ಮೇಲೆ ಈಗ ಸೋಫಿಯಾದ ಯಾವುದೋ ಚಾನೆಲ್ಲಿನವರು ಅದನ್ನು ತೋರಿಸುತ್ತಿದ್ದಾರೆ. ಎರಡು ತಿಂಗಳು ಮೊದಲೇ ತೋರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಜಾಹೀರಾತು ಮುಗಿದು ಕ್ಯಾಪ್ಟನ್ ಒಳಗೆ ಬಂದ. ಕೊರಳಲ್ಲಿದ್ದ ಮಫ್ಲರ್ ಹಸಿರು, ಎಳೆ ಬಟಾಣಿಯ ಹಸಿರು. "ನೋಡಿದ್ಯಾ!" ಎಂದು ತ್ಸೋಂಕಾ ಪಕ್ಕಕ್ಕೆ ತಿರುಗಿದಳು. ಸೋಫಾದ ಆ ತುದಿಯಲ್ಲಿ ನೆಂಟರ ಕೋಟುಗಳು ರಾಶಿ ಬಿದ್ದಿದ್ದವು.

"ಯಾವ ಬಣ್ಣವಂತೆ?" ಗಿನಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಪರದೆಯ ಮೇಲೆ ಆಗಲೇ ಬರೀ ಸಮುದ್ರವಿತ್ತು. "ಅಣ್ಣ ಪಾಪ, ಕೆಂಪು ಕೆಂಪು ಅಂತ ಬಡ್ಕೊಂಡೇ ಹೋದ."

ತ್ಸೋಂಕಾ ಶಿಲುಬೆಯ ಗುರುತು ಮಾಡಿಕೊಂಡಳು.

"ಕೆಂಪೇ ಕಣೇ," ಎಂದಳು. "ನಿಮ್ಮಣ್ಣನೇ ಗೆದ್ದ."