ಲೈಸೆನ್ಸಿಲ್ಲದ ರೇಡಿಯೋ

ಗಂಡ ಮೀನಿಗೆ ಹೋದಾಗಲೆಲ್ಲ ಜಲಜಾಕ್ಷಿ ಸ್ಕ್ಯಾನರ್ ರೇಡಿಯೋ ಹಚ್ಚಿ ಬೋಟುಗಳವರ ಮಾತು ಕೇಳುತ್ತಿದ್ದಳು. ಲೈಸೆನ್ಸಿಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದು ಬ್ರಿಟಿಷರ ಕಾಲದ ಕಾನೂನಿನಲ್ಲಿ ಅಪರಾಧವೆಂದು ಅವಳಿಗೆ ಗೊತ್ತಿತ್ತು.

ಗಾಳಿ ಎದ್ದು ಗಂಡನ ಬೋಟು ಇನ್ನೂ ಬಾರದಿದ್ದ ಒಂದು ಮಧ್ಯಾಹ್ನ ಬಾಗಿಲಲ್ಲಿ ಪೊಲೀಸ್ ಪೇದೆಯೊಬ್ಬ ನಿಂತಿದ್ದ. ಅವಳು ರೇಡಿಯೋವನ್ನು ಆರಿಸಿ ಸೆರಗಿನಡಿ ಅಡಗಿಸಿದಳು.

“ಬೋಟಿನವರ ಮಾತು ಕೇಳುವ ರೇಡಿಯೋ ಉಂಟಂತಲ್ಲ ನಿಮ್ಮಲ್ಲಿ?”

“ಯಾರು ಹೇಳಿದ್ದು ಸಾರ್? ಎಂತದೂ ಇಲ್ಲ.”

ಚಾಡಿ ಹೇಳಿದವಳು ಪಕ್ಕದ ಮನೆಯವಳೇ ಇರಬೇಕು ಎಂದುಕೊಂಡಳು.

“ಸುಳ್ಳು ಹೇಳ್ಬೇಡಿ. ರಸ್ತೆಗೇ ಕೇಳ್ತಿತ್ತು.”

“ಅದು ಹಾಡು ಸಾರ್.”

ಪೇದೆ ಆಚೆ ಈಚೆ ನೋಡಿ ಒಳಗೆ ಬಂದು ಕದ ಹಾಕಿದ. ಜಲಜಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಟೋಪಿ ತೆಗೆದು ನೆಲದ ಮೇಲೆಯೇ ಕುಳಿತ.

“ಸ್ವಲ್ಪ ಹಚ್ಚಿ ಅಕ್ಕಾ. ನನ್ನ ತಮ್ಮನ ಬೋಟೂ ಇನ್ನೂ ಬರ್ಲಿಲ್ಲ.”