ಅದೇ ಬಂಡೆ, ಅದೇ ಬಿಸಿಲು

ದಂಪತಿಗಳನ್ನು ಅವರಿಗೆ ಪ್ರಿಯವಾದ ಜಾಗದಲ್ಲೇ ಕೂರಿಸಿ ಫೋಟೋ ತೆಗೆಯುವುದು ನನ್ನ ಕೆಲಸ. ಈ ಸಲ ಬಂದ ಜೋಡಿಯಲ್ಲಿ ಹೆಂಡತಿ ಆರಿಸಿದ್ದು ಬೆಟ್ಟದ ಮೇಲಿನ ಒಂದು ಬಂಡೆ. ನಿಶ್ಚಿತಾರ್ಥವಾದ ಹೊಸತರಲ್ಲಿ ಗಂಡ ಅಲ್ಲಿ ಕೂತು ತೆಗೆಸಿ ಕಳಿಸಿದ್ದ ಫೋಟೋ ಇನ್ನೂ ಆಕೆಯ ಪರ್ಸಿನಲ್ಲಿತ್ತು.

"ಆವತ್ತು ಇದನ್ನ ತೆಗೆದಿದ್ದು ಯಾರು ಸರ್?"

"ರೂಮ್‌ಮೇಟ್ ಒಬ್ಬ. ನಾನು ಇವಳ ನೆನಪಲ್ಲೇ ಕೂತಿದ್ದೆ."

ಸಂಜೆ ಬಿಸಿಲಿಗೆ ಗಂಡನನ್ನು ಆ ಫೋಟೋದಲ್ಲಿದ್ದ ಹಾಗೆಯೇ ಕೂರಿಸಿ, ಅಂದು ಕ್ಯಾಮೆರಾ ಹಿಡಿದವರು ನಿಂತಿದ್ದ ಕಡೆಯೇ ನಾನೂ ನಿಂತೆ. ನನ್ನ ನೆರಳು ಅವರ ಕಾಲ ಬಳಿ ಬಿತ್ತು.

"ಮೇಡಂ, ಹಳೇ ಫೋಟೋದಲ್ಲೂ ನೆರಳು ಇಲ್ಲೇ ಬಿದ್ದಿದೆಯಾ, ನೋಡಿ."

ಆಕೆ ತುಂಬ ಹೊತ್ತು ನೋಡಿದರು.

"ಇಲ್ಲೇ ಬಿದ್ದಿದೆ. ಇಷ್ಟು ವರ್ಷ ನಾನು ಇವರ ಮುಖ ಒಂದನ್ನೇ ನೋಡ್ತಿದ್ದೆ. ರೀ, ನಿಮ್ಮ ರೂಮ್‌ಮೇಟ್ ನೆರಳಿಗೆ ಸೆರಗು ಹೇಗೆ ಬಂತು?"