ಆವಿ ಎನ್ನುವ ಪದ

ಹಲಗೆಯ ಮೇಲೆ, ಬೆರೆತ ದ್ರವಗಳನ್ನು ಕಾಸಿ ಬೇರ್ಪಡಿಸುವ ಎತ್ತರದ ಗೋಪುರವೊಂದನ್ನು ಬರೆದು, ಅದರ ತಳದಲ್ಲಿ ಬೆಂಕಿಯ ಗುರುತು ಹಾಕಿ, ಅಲ್ಲಿಂದ ಒಂದು ಬಾಣವನ್ನು ನೆಟ್ಟಗೆ ಮೇಲಕ್ಕೆಳೆದು ಮೇಡಂ ತರಗತಿಯ ಕಡೆ ತಿರುಗಿದರು. "ಕಾಸಿದಾಗ ಇಲ್ಲಿಂದ ಚಮಚ ಮೇಲಕ್ಕೆ ಹೋಗುತ್ತೆ" ಎಂದರು.

ನಡುವಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತಪ್ಪಾಯಿತೆಂದು ಮೇಡಂಗೆ ಆಡಿದ ಮರುಕ್ಷಣವೇ ಗೊತ್ತಾಗಿತ್ತು. ಹೇಳಬೇಕಾಗಿದ್ದದ್ದು 'ಆವಿ'. ಕೆಮಿಕಲ್ ಎಂಜಿನಿಯರಿಂಗಿನ ಪ್ರೊಫೆಸರ್ ಆಗಿ ಅಕ್ಕಿ ಬೇಳೆಯಷ್ಟು ಸಲೀಸಾಗಿ ಬಳಸಿದ ಪದ. ಇನ್ನೊಮ್ಮೆ ಪ್ರಯತ್ನಿಸಿದರು. ನಾಲಿಗೆಯ ತುದಿಗೆ ಮತ್ತೆ ಚಮಚವೇ ಬಂದು ಕೂತಿತು. ತುಟಿ ಬಿಗಿಹಿಡಿದು ನಿಂತುಬಿಟ್ಟರು.

ಬೇಸಿಗೆ ರಜೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಬೇಗ ಹತೋಟಿಗೆ ಬಂದವು. ಓದಿದ್ದು ತಿಳಿಯುತ್ತಿತ್ತು, ಲೆಕ್ಕ ಮೊದಲಿನಂತೆಯೇ ಬಿಡಿಸುತ್ತಿದ್ದರು. ಮಾತು ಮಾತ್ರ ಹಟ ಹಿಡಿಯಿತು. ಬೇಕಾದ ಪದ ಎಲ್ಲೋ ಅಡಗಿ ಕೂತು, ಅದರ ಬದಲಿಗೆ ಹಿಂದುಮುಂದಿಲ್ಲದ ಇನ್ನೊಂದು ಹೊರಬರುತ್ತಿತ್ತು. ಊಟದ ಹೊತ್ತಿನಲ್ಲಿ ಅವರು 'ಕೊಡೆ' ಕೇಳಿದರೆ, ಅಂಚೆ ಕಚೇರಿಯಿಂದ ನಿವೃತ್ತರಾದ ಗಂಡ ತುಟಿಪಿಟಕ್ಕೆನ್ನದೆ ಉಪ್ಪಿನ ಡಬ್ಬಿ ಸರಿಸುತ್ತಿದ್ದರು. ವಿಳಾಸ ತಪ್ಪಿದ ಕಾಗದಗಳನ್ನೆಲ್ಲ ಸರಿಯಾದ ಮನೆಗೆ ಮುಟ್ಟಿಸಿದವನಿಗೆ ಇದೇನು ಮಹಾ ಎನ್ನುವುದು ಅವರ ಲೆಕ್ಕ.

ಸೋಜಿಗವೆಂದರೆ, ಹಾಡಿಗೆ ಏನೂ ಆಗಿರಲಿಲ್ಲ. ಮೇಡಂಗೆ ಮೊದಲಿನಿಂದಲೂ ಹಾಡುವ ಹುಚ್ಚು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಗುನುಗುತ್ತಲೇ ಇರುತ್ತಿದ್ದವರು ಈಗಲೂ ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಮಾತು ಮರಳಿ ಕಲಿಸಲು ಬರುತ್ತಿದ್ದ ಚಿಕಿತ್ಸಕಿ ಇದನ್ನು ಗಮನಿಸಿ, ಹೇಳಬೇಕಾದ್ದನ್ನೆಲ್ಲ ಯಾವುದಾದರೂ ರಾಗಕ್ಕೆ ಕೂರಿಸಿ ಹೇಳಿ ಎಂದಿದ್ದಳು. ಗಂಡನ ಎದುರು ಮೇಡಂ ಹಾಗೆ ಮಾಡುತ್ತಲೂ ಇದ್ದರು. ಕಾಲೇಜಿನಲ್ಲಿ ಮಾತ್ರ ಸಾಧ್ಯವಿಲ್ಲವೆಂದು ತಲೆಯಾಡಿಸಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ವಿಭಾಗಕ್ಕೆಲ್ಲ ಅವರೊಬ್ಬರೇ ಹೆಂಗಸಾಗಿದ್ದ ಕಾಲದಲ್ಲಿ, ಪ್ರಯೋಗಾಲಯದಲ್ಲಿ ಗುನುಗುತ್ತಿದ್ದುದನ್ನು ಕೇಳಿದ ಹಿರಿಯರೊಬ್ಬರು ಅಡುಗೆಮನೆಯನ್ನು ಇಲ್ಲಿಗೂ ಹೊತ್ತು ತಂದಿರಾ ಎಂದು ನಕ್ಕಿದ್ದರು. ಅಂದಿನಿಂದ ಹಾಡು ಮನೆಯ ಹೊಸಿಲು ದಾಟಿರಲಿಲ್ಲ.

ವಿಭಾಗದ ಮುಖ್ಯಸ್ಥ ಬಾಗಿಲಲ್ಲೇ ನಿಂತಿದ್ದ. ಒಂದು ಕಾಲಕ್ಕೆ ಇವರದೇ ವಿದ್ಯಾರ್ಥಿ. ನಿವೃತ್ತಿಯವರೆಗೆ ಪ್ರಯೋಗಾಲಯ ನೋಡಿಕೊಳ್ಳಿ, ಪಾಠದ ತಾಪತ್ರಯ ಬೇಡ ಎಂದು ನಯವಾಗಿ ಹೇಳಿ ನೋಡಿದ್ದ. ಒಂದೇ ಒಂದು ತರಗತಿ ಕೊಡು ಎಂದು ಮೇಡಂ ಬೆರಳೆತ್ತಿ ಕೇಳಿಕೊಂಡಾಗ ಇಲ್ಲವೆನ್ನಲು ಬಾಯಿ ಬಂದಿರಲಿಲ್ಲ. ಈಗ ಒಳಗೆ ಒಂದು ಹೆಜ್ಜೆಯಿಟ್ಟು, "ಮೇಡಂ, ಇವತ್ತಿಗೆ ಸಾಕು. ಮುಂದಿನದ್ದು ನಾನು ಹೇಳ್ತೀನಿ, ಬನ್ನಿ" ಎಂದ.

ಮೇಡಂ ಸೀಮೆಸುಣ್ಣ ಕೆಳಗಿಡಲು ಹೊರಟರು. ಆಗ, ಹೆಂಡತಿಯನ್ನು ಕಾಲೇಜಿಗೆ ತಲುಪಿಸಲು ಬಂದು ಕೊನೆಯ ಬೆಂಚಿನಲ್ಲೇ ಕೂತುಬಿಟ್ಟಿದ್ದ ಗಂಡ, ಮನೆಯಲ್ಲಿ ಕರೆಯುವಂತೆಯೇ ಕರೆದರು.

"ಇವಳೇ, ನನಗೆ ಹೇಳೋ ಹಾಗೇ ಹೇಳು."

ಮೇಡಂ ಕಣ್ಣಿನಲ್ಲೇ ಎದುರಿಗಿದ್ದ ಮಕ್ಕಳನ್ನೆಲ್ಲ ತೋರಿಸಿ, ತಲೆಯಾಡಿಸಿದರು.

"ನಕ್ಕರೆ ನಗಲಿ ಬಿಡು. ನಿನ್ನ ಹುಡುಗ್ರು ತಾನೆ?"

ಮೇಡಂ ಹಲಗೆಯ ಕಡೆ ಮುಖ ಮಾಡಿ, ಬಾಣದ ಬುಡದಲ್ಲಿ ಸೀಮೆಸುಣ್ಣ ಒತ್ತಿ, ತೊಟ್ಟಿಲು ತೂಗುವ ಧಾಟಿಯೊಂದನ್ನು ಎತ್ತಿಕೊಂಡರು.

"ಹಗುರಾದ್ದು ಮೇಲಕ್ಕೆ, ಆವಿಯಾಗಿ ಮೇಲಕ್ಕೆ, ಭಾರಾದ್ದು ಇಳಿಯಲಿ ತಳದ ಕಡೆಗೆ..."

ಆವಿ ಬಂದೇಬಿಟ್ಟಿತು. ದನಿ ಮೊದಲು ಒಡಕು ಮಡಕೆಯಂತಿತ್ತು, ಎರಡನೆಯ ಸಾಲಿಗೆ ನಡುಗಿತು. ಆದರೆ ಪದಗಳು ಒಂದರ ಕೈ ಒಂದು ಹಿಡಿದು ಬಂದವು. ಗೋಪುರದೊಳಗೆ ಆವಿ ತಟ್ಟೆಯಿಂದ ತಟ್ಟೆಗೆ ಏರುವುದು, ತುದಿಯಲ್ಲಿ ತಣಿದು ಮತ್ತೆ ದ್ರವವಾಗುವುದು, ಆ ದ್ರವದಲ್ಲಿ ಒಂದು ಪಾಲು ಹೊರಗೆ ಹೋಗಿ ಇನ್ನೊಂದು ಪಾಲು ಗೋಪುರಕ್ಕೇ ಮರಳುವುದು, ಎಲ್ಲವೂ ರಾಗಕ್ಕೆ ಕೂತವು. ಅಳತೆ ಮೀರಿದಲ್ಲಿ ರಾಗವನ್ನು ಒಂದಿಷ್ಟು ಎಳೆದು ಒಳಗೆ ತುರುಕಿದರು. ಹಾಡುಹಾಡುತ್ತಲೇ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಪಾಠ ಕಾವೇರಿದಾಗ ಮೊದಲು ನಿಲ್ಲುತ್ತಿದ್ದುದೂ ಹಾಗೆಯೇ. ಮುಖ್ಯಸ್ಥ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದು, ಸದ್ದಾಗದಂತೆ ಹೋಗಿ ಅವರ ಗಂಡನ ಪಕ್ಕದಲ್ಲಿ ಕೂತ. ಗಂಡ ಬೆಂಚಿನ ಅಡಿಯಲ್ಲಿ ಬೆರಳಿನಿಂದ ತಾಳ ಹಾಕುತ್ತಿದ್ದರು, ಅದೂ ತಪ್ಪು ತಾಳ.

ಹಾಡು ಮುಗಿಯಿತು. ಮೇಡಂಗೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಪೆನ್ನುಗಳು ಗೀಚುವ ಸದ್ದು ಮಾತ್ರ ಕೇಳುತ್ತಿತ್ತು, ಅದೂ ನಿಂತಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಬರೆದುಕೊಂಡದ್ದರ ಮೇಲೆ ಹುಬ್ಬು ಗಂಟಿಕ್ಕಿ ಕೂತಿದ್ದವಳು, ಕೈಯೆತ್ತಿದಳು.

"ಮೇಡಂ, ಮೇಲಕ್ಕೆ ಬಂದು ಶುದ್ಧವಾಗಿದ್ದನ್ನ ಮತ್ಯಾಕೆ ಕೆಳಗೆ ಕಳಿಸ್ಬೇಕು? ನಂಗೆ ಅಲ್ಲಿ ಅರ್ಥ ಆಗ್ಲಿಲ್ಲ. ಆ ಒಂದು ಸಾಲು ಇನ್ನೊಂದ್ಸಲ ಹಾಡ್ತೀರಾ?"